ಚಾಕೊಲೇಟ್ ಮೂಸ್ ಎಲ್ಲಿ ಕೆಟ್ಟಿತು? ಬಟ್ಟಲು ನೋಡಿ ಕಾರಣ ಹುಡುಕುವ ಬಗೆ

ಬಟ್ಟಲಿಗೆ ಚಮಚ ಇಳಿಸಿದೆ. ಮೇಲೆ ಎರಡು ಬೆರಳು ನೊರೆ, ಕೆಳಗೆ ಟೀ ಬಣ್ಣದ ನೀರು. ಮಂಗಳೂರಿನ ನಮ್ಮ ಅಡುಗೆಮನೆಯಲ್ಲಿ ನಾನು ಮಾಡಿದ ಮೊದಲ ಚಾಕೊಲೇಟ್ ಮೂಸ್ ಹೀಗಿತ್ತು. ಮೂಸ್ ಅಂದರೆ ಕರಗಿಸಿದ ಚಾಕೊಲೇಟಿಗೆ ಮೊಟ್ಟೆಯ ನೊರೆ ಕೂಡಿಸಿ, ತಣ್ಣಗೆ ಇಟ್ಟು ತಿನ್ನುವ ಫ್ರಾನ್ಸಿನ ಸಿಹಿ. ಎರಡನೇ ಸಲ ಕರಗಿದ ಚಾಕೊಲೇಟ್ ಕಣ್ಣೆದುರೇ ಗಟ್ಟಿ ಮುದ್ದೆಯಾಯಿತು. ಮೂರನೇ ಸಲ ನೊರೆಯ ತುಂಬ ಕರಿ ಚುಕ್ಕೆ, ಸಾಸಿವೆ ಚೆಲ್ಲಿದ ಹಾಗೆ.

ಇದೇ ಅಳತೆಯಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಎರಡು ವರ್ಷ ಮಾಡಿದ್ದೆ. ಕೆಲಸಕ್ಕೆ ಅಂತ ಅಲ್ಲಿದ್ದಾಗ ಕೆಳಗಿನ ಮನೆಯ ಮದಾಮ್ ಹೇಳಿಕೊಟ್ಟಿದ್ದು. ಆಕೆಗೆ ಎಪ್ಪತ್ತು ದಾಟಿತ್ತು. ಭಾನುವಾರ ಮಧ್ಯಾಹ್ನದ ಊಟಕ್ಕೆ ದೊಡ್ಡ ಗಾಜಿನ ಬೋಗುಣಿಯ ತುಂಬ ಮಾಡಿ, ಮೇಜಿನ ನಡುವೆ ಇಟ್ಟು, ಸೌಟಿನಲ್ಲಿ ಬಡಿಸುತ್ತಿದ್ದರು. ಅಲ್ಲಿ ಒಂದು ಸಲವೂ ಕೆಡದಿದ್ದದ್ದು ಇಲ್ಲಿ ಮೂರು ಸಲ ಕೆಟ್ಟಿತು. ನಾನು ಫ್ರಿಜ್ಜನ್ನು ಬೈದೆ, ಸೆಕೆಯನ್ನು ಬೈದೆ. ಆಮೇಲೆ ತಕ್ಕಡಿ ತಗೊಂಡು ಒಂದೊಂದನ್ನೇ ತೂಗುತ್ತಾ ಕೂತೆ. ಕಾರಣ ಆಗ ಸಿಕ್ಕಿತು. ಆ ಹುಡುಕಾಟವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ಈ ಮೂಸ್‌ನಲ್ಲಿ ಬೇಯಿಸುವ ಕೆಲಸ ಇಲ್ಲ. ಚಾಕೊಲೇಟ್ ಕರಗಿಸಬೇಕು, ಮೊಟ್ಟೆಯ ಹಳದಿ ಸೇರಿಸಬೇಕು, ಬಿಳಿಯನ್ನು ನೊರೆ ಬರಿಸಿ ಕೂಡಿಸಬೇಕು, ತಣ್ಣಗೆ ಇಡಬೇಕು. ಅಷ್ಟೇ. ಕೆಡುವುದು ಹೆಚ್ಚಾಗಿ ಒಂದು ಇನ್ನೊಂದಕ್ಕೆ ಸೇರುವ ಹೊತ್ತಿನಲ್ಲಿ. ಚಾಕೊಲೇಟ್ ಹಳದಿಗೆ ಸೇರುವಾಗ ಒಂದು ಸಲ, ನೊರೆಗೆ ಸೇರುವಾಗ ಇನ್ನೊಂದು ಸಲ. ಆ ಎರಡು ಜಾಗದಲ್ಲಿ ಬಿಸಿ ಎಷ್ಟಿತ್ತು, ನೀರಿನಂಶ ಎಷ್ಟಿತ್ತು ಅಂತ ನೋಡಿದರೆ ಮುಕ್ಕಾಲು ಪಾಲು ತಪ್ಪು ಅಲ್ಲೇ ಸಿಗುತ್ತದೆ. ಬೆಳಗ್ಗೆ ಫ್ರಿಜ್ ತೆಗೆದಾಗ ಕಾಣುವ ತೊಂದರೆ ಹಿಂದಿನ ರಾತ್ರಿಯ ಆ ಎರಡು ನಿಮಿಷದಲ್ಲೇ ಹುಟ್ಟಿರುತ್ತದೆ.

ಸರಿಯಾದ ಅಳತೆ ಯಾವುದು

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ವಾ? ಫ್ರಾನ್ಸಿನ ಮನೆಗಳಲ್ಲಿ ನಡೆಯುವ ಲೆಕ್ಕ 200 ಗ್ರಾಂ ಡಾರ್ಕ್ ಚಾಕೊಲೇಟಿಗೆ 6 ಮೊಟ್ಟೆ, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ. ನಾನು ಸಕ್ಕರೆ 30 ಗ್ರಾಂ ಹಾಕುತ್ತೇನೆ. ಕೆಲವರು ಬೆಣ್ಣೆ ಹಾಕುತ್ತಾರೆ, ಕೆಲವರು ಕ್ರೀಮ್. ಮದಾಮ್ ಎರಡೂ ಹಾಕುತ್ತಿರಲಿಲ್ಲ. ಚಾಕೊಲೇಟ್ 52ರಿಂದ 60 ಶೇಕಡ ಕೋಕೋ ಇರುವುದು.

ಅಲ್ಲಿ ಅವರು ತರುತ್ತಿದ್ದದ್ದು ದೊಡ್ಡ ಗಾತ್ರದ ಮೊಟ್ಟೆ. ಯುರೋಪಿನಲ್ಲಿ ಮೊಟ್ಟೆಯನ್ನು ತೂಕದ ಮೇಲೆ ವಿಂಗಡಿಸುತ್ತಾರೆ. ಮಧ್ಯಮ ಅಂದರೆ 53ರಿಂದ 63 ಗ್ರಾಂ, ದೊಡ್ಡದು ಅಂದರೆ 63ರಿಂದ 73 ಗ್ರಾಂ. ನಮ್ಮ ಬೀದಿಯ ಅಂಗಡಿಯಿಂದ ತಂದ ಮೊಟ್ಟೆಗಳನ್ನು ತೂಗಿದೆ. 48, 50, 49. ಒಡೆದು ಬೇರೆ ಬೇರೆ ತೂಗಿದಾಗ ಒಂದರಲ್ಲಿ ಬಿಳಿ ಸುಮಾರು 29 ಗ್ರಾಂ, ಹಳದಿ 14–15 ಗ್ರಾಂ. ದೊಡ್ಡ ಗಾತ್ರದ್ದರಲ್ಲಿ ಬಿಳಿ 38–40 ಗ್ರಾಂ, ಹಳದಿ 19ರ ಹತ್ತಿರ ಇರುತ್ತದೆ.

ಅಂದರೆ "6 ಮೊಟ್ಟೆ" ಅಂತ ನಾನು ಹಾಕಿದ್ದು ನಿಜಕ್ಕೂ ನಾಲ್ಕೂವರೆ ಮೊಟ್ಟೆ. ಬಿಳಿ 230 ಗ್ರಾಂ ಇರಬೇಕಾದಲ್ಲಿ 175. ಹಳದಿ 110 ಇರಬೇಕಾದಲ್ಲಿ 87. ಇದೊಂದು ತಪ್ಪಿನಿಂದ ನನಗೆ ಎರಡು ಬೇರೆ ಬೇರೆ ತೊಂದರೆ ಬಂದವು.

ಹಾಗಾಗಿ ಎಣಿಸಬೇಡಿ, ತೂಗಿ. 200 ಗ್ರಾಂ ಚಾಕೊಲೇಟಿಗೆ ಬಿಳಿ 230 ಗ್ರಾಂ, ಹಳದಿ 110 ಗ್ರಾಂ. ನಮ್ಮ ಮೊಟ್ಟೆಯಾದರೆ 8 ಬೇಕಾಗುತ್ತದೆ. ಆರೇ ಮೊಟ್ಟೆ ಇದ್ದರೆ ಚಾಕೊಲೇಟ್ 150 ಗ್ರಾಮಿಗೆ ಇಳಿಸಿ.

ಹಳದಿ ಹಾಕಿದ ಕೂಡಲೇ ಚಾಕೊಲೇಟ್ ಮುದ್ದೆಯಾದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಂಬಾ ಜನ ಇಲ್ಲೇ ಕೈಬಿಟ್ಟು ಎಲ್ಲವನ್ನೂ ಚೆಲ್ಲುತ್ತಾರೆ. ಚೆಲ್ಲಬೇಕಾಗಿಲ್ಲ.

ಕರಗಿದ ಚಾಕೊಲೇಟ್ ಅಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ ಮತ್ತು ಕೋಕೋ ಪುಡಿ. ಅದರಲ್ಲಿ ನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟುತ್ತವೆ. ಒಣ ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದಾಗ ಗಂಟು ಕಟ್ಟುತ್ತದಲ್ಲ, ಅದೇ ಕತೆ. ಹೊಳಪು ಹೋಗುತ್ತದೆ. ಚಮಚಕ್ಕೆ ಒರಟಾದ ಮುದ್ದೆ ಮೆತ್ತಿಕೊಳ್ಳುತ್ತದೆ.

ಆದರೆ ನೀರು ಜಾಸ್ತಿ ಆದರೆ ಏನಾಗುತ್ತದೆ? ಆ ಸಕ್ಕರೆ ಪೂರ್ತಿ ಕರಗಿ, ಮುದ್ದೆ ಮತ್ತೆ ಸಡಿಲವಾಗುತ್ತದೆ. ಸ್ವಲ್ಪ ನೀರು ಕೆಡಿಸುತ್ತದೆ, ಸಾಕಷ್ಟು ನೀರು ಸರಿ ಮಾಡುತ್ತದೆ. ಸುಮಾರು 60 ಗ್ರಾಂ ಡಾರ್ಕ್ ಚಾಕೊಲೇಟಿಗೆ ಕಡಿಮೆ ಅಂದರೂ 15 ಎಂಎಲ್, ಅಂದರೆ ಒಂದು ದೊಡ್ಡ ಚಮಚ ನೀರು ಬೇಕು. 200 ಗ್ರಾಮಿಗೆ 50 ಎಂಎಲ್.

ಈಗ ಹಳದಿಗೆ ಬನ್ನಿ. ಮೊಟ್ಟೆಯ ಹಳದಿಯಲ್ಲಿ ಅರ್ಧದಷ್ಟು ನೀರೇ. ಲಿಯೋನ್‌ನ 110 ಗ್ರಾಂ ಹಳದಿಯಲ್ಲಿ 55 ಗ್ರಾಂ ನೀರು. ಗಡಿ ದಾಟಿತು. ಮಂಗಳೂರಿನ 87 ಗ್ರಾಂ ಹಳದಿಯಲ್ಲಿ 43. ಗಡಿಯ ಈಚೆಗೇ ನಿಂತಿತು. ನನ್ನ ಎರಡನೇ ಮೂಸ್ ಕಲ್ಲಾದದ್ದು ಈ ಹನ್ನೆರಡು ಗ್ರಾಂ ನೀರಿಗೆ! ಇದು ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು. ಕೈಯ ತಪ್ಪಲ್ಲ, ಲೆಕ್ಕದ ತಪ್ಪು.

ಆದ್ದರಿಂದ ಒಂದೋ ಎರಡೋ ಹಳದಿ ಹಾಕಿದಾಗ ಗಟ್ಟಿಯಾದರೆ ಹೆದರಬೇಡಿ. ಅಳತೆ ಸರಿ ಇದ್ದರೂ ನಡುವಿನಲ್ಲಿ ಆ ಹಂತ ಬಂದೇ ಬರುತ್ತದೆ. ಉಳಿದ ಹಳದಿ ಹಾಕುತ್ತಾ ಕಲಸಿ, ಕೊನೆಯ ಒಂದೆರಡು ಬಿದ್ದಾಗ ಸಡಿಲವಾಗಿ ಹೊಳೆಯತೊಡಗುತ್ತದೆ. ಎಲ್ಲ ಹಾಕಿದ ಮೇಲೂ ಮುದ್ದೆಯಾಗೇ ಇದ್ದರೆ ಬಿಸಿ ನೀರು ಹಾಕಿ. ಒಂದೊಂದೇ ಚಮಚ, ಪ್ರತಿ ಚಮಚಕ್ಕೂ ನಡುವಿನಿಂದ ಹೊರಕ್ಕೆ ಜೋರಾಗಿ ಕಲಸುತ್ತಾ. ನಾನು ನೀರಿನ ಬದಲು ಬಿಸಿ ಕಾಫಿ ಡಿಕಾಕ್ಷನ್ ಹಾಕುತ್ತೇನೆ. ಫ್ರಾನ್ಸಿನಲ್ಲೂ ಮೂಸ್‌ಗೆ ಕಾಫಿ ಹಾಕುವುದು ರೂಢಿಯಲ್ಲಿದೆ. ಚಾಕೊಲೇಟಿನ ರುಚಿ ಅದರಿಂದ ಇನ್ನೂ ಗಾಢವಾಗುತ್ತದೆ. ಎರಡು ಮೂರು ಚಮಚ ಸಾಕು. ತಣ್ಣೀರು ಮಾತ್ರ ಹಾಕಬೇಡಿ, ಕೊಬ್ಬು ಗಟ್ಟಿಯಾಗಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ.

70 ಶೇಕಡದ ಚಾಕೊಲೇಟ್ ತಂದಿದ್ದರೆ ನೀರು ಇನ್ನೂ ಜಾಸ್ತಿ ಬೇಕು. ಅದರಲ್ಲಿ ಕೋಕೋ ಪುಡಿಯ ಅಂಶ ಹೆಚ್ಚು, ಅದು ನೀರು ಹೀರುತ್ತದೆ. "ಒಳ್ಳೇ ಚಾಕೊಲೇಟ್ ಹಾಕಿದರೂ ಮೂಸ್ ಗಟ್ಟಿ ಯಾಕೆ ಬಂತು" ಅಂತ ಕೇಳುವವರ ಮನೆಯಲ್ಲಿ ಬಹಳ ಸಲ ಕಾರಣ ಇದೇ.

ಹಳದಿ ಹಾಕುವ ಮೊದಲೇ, ಕರಗಿಸುವಾಗಲೇ ಗಟ್ಟಿಯಾಯಿತಾ? ಹಾಗಾದರೆ ಹಬೆ ನೋಡಿ. ಕುದಿಯುವ ನೀರಿನ ಮೇಲೆ ಇಟ್ಟ ಬಟ್ಟಲಿನ ಅಂಚಿನಿಂದ ಹಬೆ ಏರಿ ಒಳಗೆ ಬಿದ್ದಿರುತ್ತದೆ, ಇಲ್ಲಾ ಚಮಚ ಒದ್ದೆ ಇತ್ತು. ನೀರು ಕುದಿಯಬಾರದು, ಬಿಸಿಯಾಗಿದ್ದರೆ ಸಾಕು. ಉರಿ ಆರಿಸಿಯೇ ಬಟ್ಟಲು ಇಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಮೈಕ್ರೋವೇವ್ ಆದರೆ 30 ಸೆಕೆಂಡಿಗೊಮ್ಮೆ ತೆಗೆದು ಕಲಸಿ. 50 ಡಿಗ್ರಿ ದಾಟಿಸುವ ಅಗತ್ಯವೇ ಇಲ್ಲ. ಸೀದ ವಾಸನೆ ಬಂದರೆ ಮಾತ್ರ ಉಳಿಸಲು ದಾರಿ ಇಲ್ಲ.

ಕರಿ ಚುಕ್ಕೆ

ಹಲ್ಲಿಗೆ ಸಣ್ಣ ಸಣ್ಣ ಚಾಕೊಲೇಟ್ ಚೂರು ಸಿಗುತ್ತದೆ. ಕೆಲವರಿಗೆ ಅದು ಇಷ್ಟವೂ ಆಗುತ್ತದೆ. ಆದರೆ ಚೂರಾಗಿ ಕೂತ ಚಾಕೊಲೇಟ್ ನೊರೆಯನ್ನು ಹಿಡಿದು ನಿಲ್ಲಿಸುವ ಕೆಲಸ ಮಾಡುವುದಿಲ್ಲ. ಮೂಸ್ ಬೇಗ ಕುಸಿಯುತ್ತದೆ.

ಇದು ತೆಂಗಿನೆಣ್ಣೆಯ ಹಾಗೆ. ಡಿಸೆಂಬರ್ ಬೆಳಗಿನ ಚಳಿಗೆ ಬಾಟಲಿಯ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದಲ್ಲ? ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಕೋಕೋ ಬೆಣ್ಣೆ 34ರ ಹತ್ತಿರ. ನಮ್ಮ ಪುತ್ತೂರು ಕಡೆಯ ಅಡಿಕೆ ತೋಟಗಳ ನಡುವೆ ಬೆಳೆಯುವ ಕೋಕೋ ಬೀಜದಲ್ಲೂ ಅರ್ಧದಷ್ಟು ಇದೇ ಕೊಬ್ಬು. ಚಾಕೊಲೇಟ್ ಬಾಯಲ್ಲಿ ಕರಗುವುದೂ ಇದರಿಂದಲೇ, ಮೂಸ್ ಫ್ರಿಜ್ಜಿನಲ್ಲಿ ನಿಲ್ಲುವುದೂ ಇದರಿಂದಲೇ. ಆದರೆ ಕಲಸುವ ಮೊದಲೇ ಅದು ಗಟ್ಟಿಯಾದರೆ ಚುಕ್ಕೆ.

ನಾನು ಮಾಡಿದ್ದು ಇಷ್ಟೇ. ಸೆಕೆ ಅಂತ ಬಿಳಿಯನ್ನು ಫ್ರಿಜ್ಜಿನಿಂದ ಆಗ ತಾನೇ ತೆಗೆದು ಬೀಟ್ ಮಾಡಿದೆ. ನಾಲ್ಕೈದು ಡಿಗ್ರಿಯ ನೊರೆಗೆ ಉಗುರು ಬೆಚ್ಚಗಿನ ಚಾಕೊಲೇಟ್ ಸುರಿದೆ. ಬಿದ್ದಲ್ಲೇ ಹೆಪ್ಪುಗಟ್ಟಿತು. ಲಿಯೋನ್‌ನಲ್ಲಿ ಮದಾಮ್ ಮೊಟ್ಟೆಯನ್ನು ಬೆಳಗ್ಗೆಯೇ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಸರಿಯಾದ ಬಿಸಿ 40ರಿಂದ 45 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಚಮಚದ ತುದಿಯ ಚಾಕೊಲೇಟನ್ನು ಕೆಳತುಟಿಗೆ ತಾಗಿಸಿ. ಬೆಚ್ಚಗೆ ಅನಿಸಬೇಕು. ಏನೂ ಅನಿಸದಿದ್ದರೆ ಅದು ಮೈ ಬಿಸಿಗೆ ಇಳಿದಿದೆ ಅಂತ ಲೆಕ್ಕ, ಬಿಸಿ ನೀರಿನ ಮೇಲೆ ಅರ್ಧ ನಿಮಿಷ ಮತ್ತೆ ಇಡಿ. ಸುಟ್ಟಿತು ಅನಿಸಿದರೆ ಕಾಯಿರಿ. 60 ದಾಟಿದ ಚಾಕೊಲೇಟಿಗೆ ಹಳದಿ ಹಾಕಿದರೆ ಅದು ಬೆಂದು ತರಿತರಿಯಾಗುತ್ತದೆ. ಆ ತರಿ ಕರಿ ಚುಕ್ಕೆಯಲ್ಲ, ನಾಲಿಗೆಗೆ ಬೆಂದ ಮೊಟ್ಟೆಯ ರವೆ ಸಿಕ್ಕ ಹಾಗಿರುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸಲು ಸುಲಭ ದಾರಿ ಇದೆ. ಒಂದು ಚೂರನ್ನು ಎರಡು ಬೆರಳ ನಡುವೆ ಉಜ್ಜಿ. ಕರಗಿದರೆ ಚಾಕೊಲೇಟ್, ಕರಗದೆ ರಬ್ಬರಿನ ಹಾಗೆ ಉಳಿದರೆ ಮೊಟ್ಟೆ. ಮೊದಲನೆಯದ್ದಕ್ಕೆ ಕಾರಣ ತಂಪು, ಎರಡನೆಯದ್ದಕ್ಕೆ ಬಿಸಿ.

ಬಿಳಿ ನೊರೆ ಬರುತ್ತಿಲ್ಲ, ಅಥವಾ ಜಾಸ್ತಿ ಬಂತು

ಐದು ನಿಮಿಷ ಬೀಟರ್ ತಿರುಗಿಸಿದರೂ ಬಿಳಿ ಸೋಪಿನ ನೀರಿನ ಹಾಗೇ ಇದ್ದರೆ ಅದರಲ್ಲಿ ಜಿಡ್ಡು ಇದೆ. ಹಳದಿಯ ಒಂದು ಎಳೆ ಬಿದ್ದಿರಬಹುದು. ಪ್ಲಾಸ್ಟಿಕ್ ಬಟ್ಟಲಿಗೆ ಹಿಂದಿನ ಎಣ್ಣೆ ಅಂಟಿಕೊಂಡಿರಬಹುದು. ಸ್ಟೀಲ್ ಪಾತ್ರೆ ತಗೊಳ್ಳಿ, ನಿಂಬೆ ಹೋಳಿನಿಂದ ಒಳಗೆ ಉಜ್ಜಿ ಬಟ್ಟೆಯಲ್ಲಿ ಒರೆಸಿ. ಮೊಟ್ಟೆಯನ್ನು ಒಂದೊಂದಾಗಿ ಸಣ್ಣ ಲೋಟಕ್ಕೆ ಒಡೆದು ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿಯಿರಿ. ಎಂಟನೇ ಮೊಟ್ಟೆಯ ಹಳದಿ ಒಡೆದು ಏಳರ ಬಿಳಿಯನ್ನೂ ಕೆಡಿಸಿದರೆ ತುಂಬಾ ಬೇಜಾರಾಗುತ್ತದೆ. ಬಿದ್ದ ಹಳದಿಯನ್ನು ತೆಗೆಯಲು ಮೊಟ್ಟೆಯ ಚಿಪ್ಪಿನ ಅಂಚೇ ಒಳ್ಳೆಯದು, ಚಮಚಕ್ಕೆ ಅದು ಜಾರುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆ ನೊರೆ ಜಾಸ್ತಿಯಾಗುವುದು. ನನ್ನ ಮೊದಲ ಮೂಸ್ ಕೆಟ್ಟದ್ದು ಹೀಗೆ. ಬಿಳಿ ಕಡಿಮೆ ಇತ್ತು, ಬೀಟರ್ ಮಾತ್ರ ಅಷ್ಟೇ ಹೊತ್ತು ತಿರುಗಿತು. ಎಷ್ಟು ಗಟ್ಟಿ ಬಂದರೆ ಅಷ್ಟು ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ತೊಂಬತ್ತು ನೀರು, ಉಳಿದದ್ದರಲ್ಲಿ ಹೆಚ್ಚುಪಾಲು ಪ್ರೋಟೀನ್. ಬೀಟ್ ಮಾಡಿದಾಗ ಆ ಪ್ರೋಟೀನ್ ಬಿಚ್ಚಿಕೊಂಡು ಗುಳ್ಳೆಯ ಸುತ್ತ ಬಲೆ ಕಟ್ಟುತ್ತದೆ. ಅತಿಯಾಗಿ ಬೀಟ್ ಮಾಡಿದರೆ ಬಲೆ ಬಿಗಿದು ತನ್ನೊಳಗಿನ ನೀರನ್ನು ತಾನೇ ಹಿಂಡಿ ಹಾಕುತ್ತದೆ.

ನೋಡಿ ಗುರುತಿಸಬಹುದು. ಸರಿ ಇರುವ ನೊರೆ ನುಣುಪಾಗಿ ಹೊಳೆಯುತ್ತದೆ. ಬೀಟರ್ ಎತ್ತಿದರೆ ತುದಿ ಸ್ವಲ್ಪ ಬಾಗುತ್ತದೆ, ಫ್ರೆಂಚರು ಅದಕ್ಕೆ ಹಕ್ಕಿಯ ಕೊಕ್ಕು ಅನ್ನುತ್ತಾರೆ. ಜಾಸ್ತಿಯಾದ ನೊರೆ ಮಂಕಾಗಿ, ಒಡೆದ ಹಾಲಿನ ಹಾಗೆ ಉಂಡೆ ಉಂಡೆಯಾಗಿ, ಬಟ್ಟಲಿನ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಬಟ್ಟಲನ್ನು ಓರೆ ಮಾಡಿದರೆ ತಳದಲ್ಲಿ ನೀರು ಕಾಣುತ್ತದೆ. ಆ ಹಂತಕ್ಕೆ ಹೋದರೆ ಇನ್ನೊಂದು ಮೊಟ್ಟೆಯ ಹಸಿ ಬಿಳಿ ಹಾಕಿ, ಕಡಿಮೆ ವೇಗದಲ್ಲಿ ಅರ್ಧ ನಿಮಿಷ ತಿರುಗಿಸಿ. ಬಹಳ ಸಲ ಮತ್ತೆ ನುಣುಪಾಗುತ್ತದೆ. ಪೂರ್ತಿ ಮೊಸರಿನ ಗಂಟಿನಂತಾಗಿದ್ದರೆ ಹೊಸ ಬಿಳಿ ತಗೊಳ್ಳಿ.

ಸಕ್ಕರೆಗೆ ಇಲ್ಲಿ ದೊಡ್ಡ ಕೆಲಸ ಇದೆ. ನೊರೆ ಮೆತ್ತಗೆ ನಿಲ್ಲತೊಡಗಿದಾಗ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸಕ್ಕರೆ ನೀರನ್ನು ಹಿಡಿದಿಟ್ಟು ಬಲೆ ಅತಿಯಾಗಿ ಬಿಗಿಯದಂತೆ ನೋಡಿಕೊಳ್ಳುತ್ತದೆ. "ಸಿಹಿ ಬೇಡ" ಅಂತ ಪೂರ್ತಿ ಬಿಟ್ಟರೆ ನೊರೆ ಒಡೆಯುವುದು ಬೇಗ. ನಾಲ್ಕು ಹನಿ ನಿಂಬೆರಸವೂ ಹೀಗೇ ನೆರವಾಗುತ್ತದೆ. ಫ್ರಾನ್ಸಿನ ಹಳೆಯ ಅಡುಗೆಮನೆಗಳಲ್ಲಿ ಬಿಳಿಯನ್ನು ತಾಮ್ರದ ಬಟ್ಟಲಲ್ಲೇ ಬೀಟ್ ಮಾಡುತ್ತಿದ್ದದ್ದು ಸುಮ್ನೆ ಅಲ್ಲ. ತಾಮ್ರದ ಅಂಶ ಒಂದು ಪ್ರೋಟೀನಿಗೆ ಕೂಡಿಕೊಂಡು ನೊರೆಯನ್ನು ಗಟ್ಟಿಮುಟ್ಟಾಗಿಸುತ್ತದೆ. ಉಪ್ಪು ಮಾತ್ರ ನೊರೆಗೆ ಯಾವ ಸಹಾಯವೂ ಮಾಡುವುದಿಲ್ಲ. ಅದು ರುಚಿಗೆ. ನಾನು ಉಪ್ಪನ್ನು ಚಾಕೊಲೇಟಿಗೇ ಹಾಕಿಬಿಡುತ್ತೇನೆ.

ನೊರೆ ಬಂದ ಮೇಲೆ ಅದನ್ನು ಸುಮ್ಮನೆ ಇಟ್ಟುಬಿಡಬೇಡಿ. ಚಾಕೊಲೇಟ್ ತಯಾರಾಗಿ ಕೂತಿರಬೇಕು, ನೊರೆ ಕೊನೆಗೆ. ಹತ್ತು ನಿಮಿಷ ಬಿಟ್ಟರೆ ನೀರು ಇಳಿಯಲು ಶುರುವಾಗುತ್ತದೆ.

ಕೂಡಿಸುವ ಕೈ

ಹುದುಗಿ ಬಂದ ಇಡ್ಲಿ ಹಿಟ್ಟನ್ನು ಬೆಳಗ್ಗೆ ಜೋರಾಗಿ ತಿರುವಿದರೆ ಅಮ್ಮ ಸೌಟು ಕಸಿದುಕೊಳ್ಳುತ್ತಿದ್ದರು. "ಗಾಳಿ ಹೋಗ್ತದೆ, ಇಡ್ಲಿ ಕಲ್ಲಾಗ್ತದೆ" ಅಂತ. ಮೂಸ್‌ಗೂ ಅದೇ ಕೈ ಬೇಕು. ಆದರೆ ಒಂದು ವ್ಯತ್ಯಾಸ ಇದೆ. ಅದನ್ನು ಬಿಟ್ಟರೆ ಕೆಡುತ್ತದೆ.

ನೊರೆಯ ಮೂರನೇ ಒಂದು ಪಾಲನ್ನು ಮೊದಲು ಚಾಕೊಲೇಟಿಗೆ ಹಾಕಿ ವಿಸ್ಕ್‌ನಲ್ಲೇ (ತಂತಿಯ ಕಡೆಗೋಲು) ಚುರುಕಾಗಿ ಕಲಸಿ. ಈ ಪಾಲಿನ ಗಾಳಿ ಹೋದರೂ ಚಿಂತೆ ಇಲ್ಲ. ಅದು ಭಾರವಾದ ಚಾಕೊಲೇಟನ್ನು ಹಗುರ ಮಾಡುವುದಕ್ಕೆ. ಈ ಹೆಜ್ಜೆ ಬಿಟ್ಟು ಎಲ್ಲ ನೊರೆಯನ್ನೂ ಒಟ್ಟಿಗೇ ಹಾಕಿದರೆ ಎರಡೂ ಹೊಂದಿಕೊಳ್ಳುವುದಿಲ್ಲ. ನೀವು ತಿರುವುತ್ತಲೇ ಇರುತ್ತೀರಿ, ಅಷ್ಟರಲ್ಲಿ ನೊರೆ ಸತ್ತಿರುತ್ತದೆ. ಉಳಿದದ್ದನ್ನು ಎರಡು ಸಲವಾಗಿ ಹಾಕಿ. ಸ್ಪಾಚುಲಾವನ್ನು, ಅಂದರೆ ಚಪ್ಪಟೆ ಸೌಟನ್ನು, ನಡುವೆ ಕತ್ತಿಯ ಹಾಗೆ ಇಳಿಸಿ, ತಳ ಸವರಿಕೊಂಡು ಬದಿಯಿಂದ ಮೇಲೆ ತಂದು ಮಡಚಿ. ಎಡಗೈಯಲ್ಲಿ ಬಟ್ಟಲನ್ನು ಸ್ವಲ್ಪ ತಿರುಗಿಸಿ, ಮತ್ತೆ ಇಳಿಸಿ. ಬಿಳಿ ಗೆರೆ ಮಾಯವಾದ ಕೂಡಲೇ ನಿಲ್ಲಿಸಿ. ಒಂದೆರಡು ಸಣ್ಣ ಬಿಳಿ ಮಚ್ಚೆ ಉಳಿದರೂ ಪರವಾಗಿಲ್ಲ.

ತಳದಲ್ಲಿ ಏನು ನಿಂತಿದೆ?

ಗಾಜಿನ ಬಟ್ಟಲಲ್ಲಿ ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಬದಿಯಿಂದ ನೋಡಿದರೆ ಕಾರಣ ಅರ್ಧ ಗೊತ್ತಾಗುತ್ತದೆ. ತಳದಲ್ಲಿ ಟೀ ಬಣ್ಣದ ತೆಳು ನೀರು ಇದ್ದರೆ ಅದು ಬಿಳಿಯಿಂದ ಇಳಿದದ್ದು. ಜಾಸ್ತಿ ಬೀಟ್ ಮಾಡಿದ್ದೀರಿ, ಅಥವಾ ನೊರೆಯನ್ನು ಸುಮ್ಮನೆ ಇಟ್ಟುಬಿಟ್ಟಿದ್ದೀರಿ, ಅಥವಾ ಎರಡು ದಿನ ಇಟ್ಟಿದ್ದೀರಿ. ತಳದಲ್ಲಿ ಕಪ್ಪಗೆ ದಪ್ಪ ಪದರ ಇದ್ದರೆ ಅದು ಸರಿಯಾಗಿ ಕೂಡದೆ ಜಾರಿ ಕೂತ ಚಾಕೊಲೇಟ್. ಮೂರನೇ ಒಂದು ಪಾಲಿನ ಹೆಜ್ಜೆ ಬಿಟ್ಟಿರುತ್ತೀರಿ, ಇಲ್ಲಾ ಸ್ಪಾಚುಲಾ ತಳ ಮುಟ್ಟಿಲ್ಲ. ಮೇಲ್ಭಾಗದಲ್ಲಿ ಹನಿ ಹನಿ ನೀರು ನಿಂತಿದ್ದರೆ ಅದು ಬೇರೆಯೇ. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದ್ದೀರಿ, ಹಬೆ ಹನಿಯಾಗಿ ಬಿದ್ದಿದೆ. ಒಂದು ಗಂಟೆ ಫ್ರಿಜ್ಜಿನಲ್ಲಿ ತೆರೆದಿಟ್ಟು ಆಮೇಲೆ ಮುಚ್ಚಿ. ಮುಚ್ಚದೇ ಬಿಡಬೇಡಿ. ಕೊಬ್ಬು ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸಾರು ಇದ್ದರಂತೂ ಕೇಳಲೇಬೇಡಿ.

ತಳದಲ್ಲಿ ನೀರು ನಿಂತ ಮೂಸ್ ಅನ್ನು ಮತ್ತೆ ಕಲಸಿ ಸರಿ ಮಾಡಲು ಹೋಗಬೇಡಿ. ಅದು ಆಗುವುದಿಲ್ಲ. ಮೇಲಿನದ್ದನ್ನು ಚಮಚದಲ್ಲಿ ಎತ್ತಿ ತಿನ್ನಿ.

ಗಟ್ಟಿಯಾಗಲೇ ಇಲ್ಲ

ನಾಲ್ಕು ಗಂಟೆಯಾದರೂ ಕಾದಿರಾ? ದೊಡ್ಡ ಬೋಗುಣಿಯಾದರೆ ಆರು ಗಂಟೆ ಬೇಕು, ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು. ಮಧ್ಯಾಹ್ನದ ಸೆಕೆಯಲ್ಲಿ ಹತ್ತು ಸಲ ತೆರೆಯುವ ಫ್ರಿಜ್ಜಿನಲ್ಲಿ ಇನ್ನೂ ತಡ.

ರಾತ್ರಿ ಕಳೆದರೂ ಸೋರುವಂತಿದ್ದರೆ ಚಾಕೊಲೇಟಿಗೆ ಸುತ್ತಿದ ಹಾಳೆ ನೋಡಿ. ಕಾಂಪೌಂಡ್ ಅಂತ ಇದ್ದರೆ, ಅಥವಾ ಪದಾರ್ಥಗಳ ಪಟ್ಟಿಯಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಅಂತ ಇದ್ದರೆ, ನೀವು ತಂದದ್ದು ಮೂಸ್‌ಗೆ ಆಗುವ ಚಾಕೊಲೇಟ್ ಅಲ್ಲ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಇದೇ ಮೊದಲು ಕೈಗೆ ಕೊಡುತ್ತಾರೆ, ಅಗ್ಗ ಅಂತ. ಕೇಕಿನ ಮೇಲೆ ಹೊದಿಸಲು ಅದು ಸರಿ. ಮೂಸ್‌ನಲ್ಲಿ ಅದು ನಾಲಿಗೆಗೆ ಮೇಣ ಮೆತ್ತಿದ ಹಾಗೆ ಉಳಿಯುತ್ತದೆ. ಮಿಲ್ಕ್ ಚಾಕೊಲೇಟ್ ಹಾಕಿದರೂ ಸಡಿಲ ಬರುತ್ತದೆ. ಅದರಲ್ಲಿ ಕೋಕೋ ಕಡಿಮೆ, ಸಕ್ಕರೆ ಜಾಸ್ತಿ. ಚಾಕೊಲೇಟ್ ಸರಿ ಇದ್ದೂ ನಿಲ್ಲದಿದ್ದರೆ, ಕಲಸುವಾಗ ಗಾಳಿ ಹೋಗಿದೆ ಅಥವಾ ಡಿಕಾಕ್ಷನ್, ರಮ್ ಅಂತ ನೀರಿನಂಶ ಹೆಚ್ಚು ಸೇರಿದೆ. ಅದನ್ನು ಫ್ರೀಜರಿನಲ್ಲಿ ಮೂರು ಗಂಟೆ ಇಟ್ಟು ಐಸ್‌ಕ್ರೀಮಿನ ಹಾಗೆ ಕೊಡಿ. ತಿಂದವರು ಎರಡನೇ ಸಲ ಕೇಳುತ್ತಾರೆ.

ಕಲ್ಲಿನ ಹಾಗೆ ಗಟ್ಟಿಯಾದರೆ ಮೊಟ್ಟೆಯ ತೂಕ ಮತ್ತು ಕೋಕೋ ಶೇಕಡ, ಎರಡನ್ನೇ ನೋಡಿ. ಬಡಿಸುವ 20 ನಿಮಿಷ ಮೊದಲು ಹೊರಗೆ ತೆಗೆದಿಟ್ಟರೆ ಆ ದಿನದ ಮಟ್ಟಿಗೆ ನಡೆಯುತ್ತದೆ.

ಕ್ರೀಮ್ ಹಾಕುವ ವಿಧಾನದವರಿಗೆ ಒಂದೇ ಮಾತು. 25 ಶೇಕಡ ಕೊಬ್ಬಿನ ಪೊಟ್ಟಣದ ಫ್ರೆಶ್ ಕ್ರೀಮ್ ಎಷ್ಟು ಬೀಟ್ ಮಾಡಿದರೂ ನಿಲ್ಲುವುದಿಲ್ಲ. ಕಡಿಮೆ ಅಂದರೂ 30, ಸಾಧ್ಯವಾದರೆ 35 ಶೇಕಡ ಇರುವುದು ಬೇಕು. ಅದೂ ಚೆನ್ನಾಗಿ ತಣ್ಣಗಿರಬೇಕು. ಮೆತ್ತಗೆ ನಿಂತಾಗಲೇ ನಿಲ್ಲಿಸಿ, ಮುಂದೆ ಹೋದರೆ ಬೆಣ್ಣೆ ಕಡೆದ ಹಾಗೆಯೇ.

ಹಸಿ ಮೊಟ್ಟೆಯ ವಿಷಯ

ಇದನ್ನು ಹಗುರವಾಗಿ ತಗೊಳ್ಳಬೇಡಿ. ಈ ಮೂಸ್‌ನಲ್ಲಿ ಮೊಟ್ಟೆ ಹಸಿಯಾಗೇ ಇರುತ್ತದೆ. ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ಇದೆ. ಫ್ರಾನ್ಸಿನಲ್ಲಿ ಕೋಳಿ ಇಟ್ಟು ಒಂಬತ್ತು ದಿನದೊಳಗಿನ ಮೊಟ್ಟೆಗೆ "ಎಕ್ಸ್‌ಟ್ರಾ ಫ್ರೆ" (ತುಂಬಾ ತಾಜಾ) ಅಂತ ಗುರುತು ಇರುತ್ತದೆ, ಮದಾಮ್ ಅದನ್ನೇ ಹುಡುಕಿ ತರುತ್ತಿದ್ದರು. ಇಲ್ಲಿ ಬಿಡಿಯಾಗಿ ಸಿಗುವ ಮೊಟ್ಟೆಯ ಮೇಲೆ ತಾರೀಕು ಇರುವುದಿಲ್ಲ. ನೀರಿಗೆ ಹಾಕಿ ನೋಡಿ, ಅಡ್ಡಲಾಗಿ ತಳದಲ್ಲಿ ಮಲಗಿದರೆ ತಾಜಾ, ತೇಲಿದರೆ ಬೇಡ. ತಾಜಾ ಆದ ಮಾತ್ರಕ್ಕೆ ಸೋಂಕು ಇಲ್ಲ ಅಂತಲ್ಲ. ಬಿರುಕು ಬಿಟ್ಟದ್ದನ್ನು ಬಳಸಬೇಡಿ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಹುಷಾರಿಲ್ಲದವರು ಇರುವ ಮನೆಯಲ್ಲಿ ಹಸಿ ಮೊಟ್ಟೆಯ ಮೂಸ್ ಕೊಡಲೇಬೇಡಿ. ಬಿಳಿಯನ್ನು ಸಕ್ಕರೆ ಜೊತೆ ಬಿಸಿ ನೀರಿನ ಮೇಲೆ ಕಲಸುತ್ತಾ 71 ಡಿಗ್ರಿಗೆ ತಂದು ಆಮೇಲೆ ಬೀಟ್ ಮಾಡಬಹುದು. ಹಳದಿಯನ್ನೂ ಎರಡು ಚಮಚ ನೀರು, ಸ್ವಲ್ಪ ಸಕ್ಕರೆ ಸೇರಿಸಿ ಅದೇ ಬಿಸಿಗೆ ತರಬಹುದು. ಇದಕ್ಕೆ ಥರ್ಮಾಮೀಟರ್ ಇರಲೇಬೇಕು. ಮಾಡಿದ ಮೂಸ್ 24 ಗಂಟೆಯೊಳಗೆ ಮುಗಿಯಬೇಕು.

ಹಸಿ ಮೊಟ್ಟೆಯ ವಾಸನೆ ಬರುತ್ತದೆ ಅನ್ನುವವರು ತಾಜಾ ಮೊಟ್ಟೆ, ಡಿಕಾಕ್ಷನ್, ಇಲ್ಲವೇ ಕಿತ್ತಳೆ ಸಿಪ್ಪೆಯ ತುರಿ ಹಾಕಿ ನೋಡಿ.

ಮೊಟ್ಟೆಯೇ ಬೇಡ ಅಂದರೆ

ನಮ್ಮ ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ. ಅವರಿಗಾಗಿ ಹುಡುಕಿದಾಗ ಸಿಕ್ಕಿದ್ದು ಫ್ರೆಂಚ್ ರಸಾಯನ ವಿಜ್ಞಾನಿ ಎರ್ವೆ ತಿಸ್ ಅವರ ದಾರಿ. 1995ರಲ್ಲಿ ಅವರು ತೋರಿಸಿಕೊಟ್ಟದ್ದು ಇದು: ಚಾಕೊಲೇಟ್ ಮತ್ತು ನೀರು, ಎರಡೇ ಸಾಕು. 200 ಗ್ರಾಂ 70 ಶೇಕಡದ ಚಾಕೊಲೇಟನ್ನು ಸುಮಾರು 175 ಎಂಎಲ್ ನೀರಿನಲ್ಲಿ ಮೆಲ್ಲಗೆ ಕರಗಿಸಿ. ಬಟ್ಟಲನ್ನು ಐಸ್ ನೀರಿನಲ್ಲಿಟ್ಟು ವಿಸ್ಕ್‌ನಿಂದ ಬೀಟ್ ಮಾಡಿ. ಕ್ರೀಮಿನ ಹಾಗೆ ಅದು ಗಾಳಿ ಹಿಡಿದು ನಿಲ್ಲುತ್ತದೆ.

ಇದರಲ್ಲಿ ಕೆಡುವುದು ಎರಡೇ ರೀತಿ, ಎರಡಕ್ಕೂ ಮದ್ದು ಇದೆ. ತಣ್ಣಗಾದರೂ ದಪ್ಪವಾಗದಿದ್ದರೆ ಕೊಬ್ಬು ಕಡಿಮೆ. ಇನ್ನಷ್ಟು ಚಾಕೊಲೇಟ್ ಹಾಕಿ ಮತ್ತೆ ಕರಗಿಸಿ. ತರಿತರಿಯಾಗಿ ಗಟ್ಟಿಯಾದರೆ ಜಾಸ್ತಿ ಬೀಟ್ ಆಗಿದೆ. ಅದನ್ನೇ ಮತ್ತೆ ಬಿಸಿ ಮಾಡಿ ಕರಗಿಸಿ ಮೊದಲಿನಿಂದ ಶುರು ಮಾಡಿ, ಏನೂ ಹಾಳಾಗುವುದಿಲ್ಲ. ನನಗೆ ಮೊದಲ ಸಲ ಮಾತಾಡುತ್ತಾ ಇದ್ದಾಗ ಹತ್ತು ಸೆಕೆಂಡಿನಲ್ಲಿ ಅದು ಗಟ್ಟಿಯಾಗಿಬಿಟ್ಟಿತು. ಕರಗಿಸಿ ಎರಡನೇ ಸಲ ಕೂತೆ. ವಿಸ್ಕ್‌ನ ಗೆರೆ ಬಟ್ಟಲಲ್ಲಿ ಉಳಿಯತೊಡಗಿದ, ಬಣ್ಣ ಒಂದು ಛಾಯೆ ತಿಳಿಯಾದ ಆ ಗಳಿಗೆಗೇ ಕೈ ನಿಲ್ಲಿಸಿದೆ. ಅಜ್ಜಿ ಸಣ್ಣ ಸ್ಟೀಲ್ ಬಟ್ಟಲಲ್ಲಿ ತಗೊಂಡು, ಒಂದು ಚಮಚ ಬಾಯಿಗಿಟ್ಟು, "ಇದಕ್ಕೆ ಹಾಲೂ ಹಾಕಿಲ್ವಾ?" ಅಂತ ಮೂರು ಸಲ ಕೇಳಿದರು.